ವೀಳ್ಯ ಕೊಟ್ಟ ದನಿ

ಕೊಲೆಗಾರನಿಗೆ ಯಾರ ದನಿ ಕೊಡಬೇಕು ಎಂಬುದನ್ನು ಪುಸ್ತಕದ ಕೊನೆಯ ಪುಟ ನೋಡಿಕೊಂಡು ತೀರ್ಮಾನಿಸಬೇಕು. ಇಷ್ಟು ಸಣ್ಣ ವಿವೇಕ ನನಗೆ ಆಗ ಇರಲಿಲ್ಲ. ಪತ್ತೇದಾರಿ ಕಾದಂಬರಿಯ ಕೊನೆಯನ್ನು ಮೊದಲೇ ನೋಡುವವನು ಎಲೆಯ ಮುಂದೆ ಕೂತ ಕೂಡಲೇ ಮಜ್ಜಿಗೆ ಕುಡಿದು ಕೈ ತೊಳೆಯುವವನ ಹಾಗೆ ಎಂದು ಸಿಕ್ಕವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಭಾಷಣ ನನ್ನದು, ಅದನ್ನು ಉಂಡವರು ನನ್ನ ಸೋದರಮಾವ.

ರಾಯದುರ್ಗದ ಒಂದು ಜೀನ್ಸ್ ಶೆಡ್ಡಿನಲ್ಲಿ ನಾನು ಬಟ್ಟೆ ಕತ್ತರಿಸುವವನು. ಒಂದರ ಮೇಲೊಂದು ಹಾಸಿದ ಬಟ್ಟೆಯ ಮೇಲೆ ಮಷೀನು ಓಡಿಸಿ ದಿನಕ್ಕೆ ನೂರಾರು ಪ್ಯಾಂಟಿನ ಕಾಲು ಕತ್ತರಿಸುತ್ತೇನೆ. ಆದರೆ ಓಣಿಯಲ್ಲಿ ನನಗೆ ಹೆಸರು ಬಂದಿರುವುದು ಬಾಯಿಂದ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಲ್ಲಿ ಕೂತಿರುತ್ತದೆ. ಅವ್ವನ ದನಿಯಲ್ಲಿ ಹಾಲಿನವನನ್ನು ಬೈದಿದ್ದೇನೆ, ಹಾಲಿನವನ ದನಿಯಲ್ಲಿ ಅವ್ವನಿಗೆ ಉತ್ತರ ಕೊಟ್ಟಿದ್ದೇನೆ. ನಿನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಾಡಬೇಕಾಗುತ್ತದೆ. ಹೋದ ವರ್ಷ ಒಂದು ದಿನ ಶೆಡ್ಡಿನ ಬಾಗಿಲ ಹಿಂದೆ ನಿಂತು ಮಾಲೀಕರ ದನಿಯಲ್ಲಿ "ಇವತ್ತು ಕರೆಂಟ್ ಬರಂಗಿಲ್ಲ, ಎಲ್ಲಾರೂ ಮನೀಗೆ ಹೋಗ್ರಿ" ಎಂದೆ. ಹನ್ನೊಂದು ಜನ ಎದ್ದು ಹೋದರು. ಹನ್ನೆರಡನೆಯವನಾಗಿ ಮಾಲೀಕರು ನನ್ನನ್ನು ಕಳಿಸಿದರು, ಒಂದು ತಿಂಗಳ ಮಟ್ಟಿಗೆ.

"ಇಲ್ಲಿ ಕುಂತು ಮಂದೀನ ಅಣಕಿಸಬ್ಯಾಡ," ಎಂದಳು ಅವ್ವ. "ಮಡಕಶಿರಾಕ ಹೋಗು. ನಿಮ್ಮ ಮಾವಂಗ ಕಣ್ಣು ಪೂರಾ ಹೋಗ್ಯಾವ. ಕಾಲಿಂದೂ ಏನೇನೋ ಅನ್ನಾಕತ್ಯಾರ. ನಿಮ್ಮತ್ತಿ ಒಬ್ಬಾಕಿ ಎಷ್ಟಂತ ಮಾಡ್ತಾಳ?"

ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಾಯಿಸಿಕೊಂಡು ಹೋದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ ಮತ್ತು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದ ಒಂದು ದಪ್ಪ ಕಾದಂಬರಿ. ಮುಖಪುಟದ ಮೇಲೆ ಒಂದು ದೊಡ್ಡ ಕಣ್ಣು, ಅರ್ಧ ಕಣ್ಣಿನ ಮೇಲೆ ಯಾರೋ ಹಸಿರು ಬಣ್ಣ ಬಳಿದ ಹಾಗೆ. ಅದನ್ನು ನೋಡಿಯೇ ಕೊಂಡಿದ್ದೆ. ಕಣ್ಣು ಕಳೆದುಕೊಂಡವರ ಮನೆಗೆ ಅಂಥ ಮುಖಪುಟದ ಪುಸ್ತಕ ಒಯ್ಯುತ್ತಿದ್ದೇನೆ ಎಂದು ಪಾವಗಡ ದಾಟುವವರೆಗೂ ಹೊಳೆಯಲಿಲ್ಲ.

ಮಾವ ನಾಟಕದ ಪರದೆ ಬರೆಯುತ್ತಿದ್ದವರು. ದರ್ಬಾರು, ಕಾಡು, ಬೀದಿ, ಸೆರೆಮನೆ. ಅಗಳಿಯಿಂದ ಅಮರಾಪುರದವರೆಗೆ, ಆಚೆ ಸಿರಾ ಕಡೆಯ ಹಳ್ಳಿಗಳಿಗೂ, ರಾಜರು ಸಿಂಹಾಸನ ಏರುತ್ತಿದ್ದದ್ದು ಮಾವನ ದರ್ಬಾರಿನಲ್ಲೇ. ಫ್ಲೆಕ್ಸ್ ಬಂದ ಮೇಲೆ ಕುಂಚ ಮೂಲೆಗೆ ಸೇರಿತು, ಷುಗರ್ ಬಂದ ಮೇಲೆ ಕಣ್ಣು. ನಾನು ಹೋದಾಗ ಅವರು ಜಗಲಿಯ ಮೇಲಿನ ಕಬ್ಬಿಣದ ಮಂಚದಲ್ಲಿ ಮಲಗಿದ್ದರು. ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು. ಗಾಯ ಮೇಲಕ್ಕೆ ಹತ್ತುತ್ತಿತ್ತು. ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದು ಡಾಕ್ಟರು ಸೋಮವಾರವೊಂದನ್ನು ಗೊತ್ತು ಮಾಡಿದ್ದರು. ಅದಕ್ಕೆ ಇನ್ನೂ ಹದಿಮೂರು ದಿನ ಇತ್ತು. ಕೈಬೆರಳುಗಳೂ ಮರಗಟ್ಟಿದ್ದವು, ಸುಡುವ ಕಾಫಿ ಲೋಟವನ್ನು ಹಾಗೇ ಹಿಡಿದುಕೊಂಡಿರುತ್ತಿದ್ದರು. ಅತ್ತೆ ಓಡಿ ಬಂದು ಕಿತ್ತುಕೊಳ್ಳಬೇಕು.

"ಬಂದ್ಯಾ ಅಳಿಯ," ಎಂದರು. "ದಿನಾ ನೂರಾರು ಕಾಲು ಕತ್ತರಿಸ್ತೀಯಂತೆ. ಇದೊಂದೂ ನೀನೇ ಕತ್ತರಿಸ್ಬಿಡು. ಅಷ್ಟು ದೂರ ಆಸ್ಪತ್ರೆಗೆ ಹೋಗೋದು ತಪ್ತದೆ."

"ನಮ್ದು ಬರೇ ಜೋಡಿ ಲೆಕ್ಕರಿ ಮಾವ. ಒಂದ ಕಾಲು ಕತ್ತರಿಸಂಗಿಲ್ರಿ," ಎಂದೆ.

ಅವರು ನಕ್ಕರು. ಅತ್ತೆ ನಗಲಿಲ್ಲ. "ಇವನ್ನ ಸೇವೆ ಮಾಡಕ್ಕೆ ಕರ್ಸಿದ್ನಾ, ಇಲ್ಲ ನಿಮ್ಮಿಬ್ರ ನಾಟಕ ನೋಡಕ್ಕಾ," ಎಂದು ಒಳಗೆ ಹೋದಳು.

ಫೋನಿನಲ್ಲಿ ಏನಾದರೂ ಹಾಕಿ ಕೊಡಲೇ ಎಂದರೆ ಮಾವನಿಗೆ ಬೇಡ. "ಅದು ನಂಗಾಗಿ ಮಾತಾಡಲ್ಲ ಕಣ್ಲಾ. ಎಲ್ರಿಗೂ ಒಂದೇ ಹೇಳ್ತದೆ." ಹಾಗಾಗಿ ಮಾರನೆಯ ಮಧ್ಯಾಹ್ನ ಊಟವಾದ ಮೇಲೆ ಪುಸ್ತಕ ಬಿಚ್ಚಿದೆ.

ಕತೆ ಶುರುವಾಗುವುದು ಒಂದು ಹಳೆಯ ಬಂಗಲೆಯಲ್ಲಿ. ಗೋಡೆಯ ಮೇಲೆ ಮುನ್ನೂರು ವರ್ಷದ ಚಿತ್ರ: ರಾಜನ ಸಭೆ, ನಡುವೆ ಓಲೆಗರಿ ಹಿಡಿದು ನಿಂತ ಒಬ್ಬ ಕವಿ. ಕವಿಯ ಕಣ್ಣುಗಳನ್ನು ಯಾರೋ ಬಣ್ಣ ಬಳಿದು ಮುಚ್ಚಿದ್ದಾರೆ. ಚಿತ್ರದ ಕೆಳಗೆ ಹಳಗನ್ನಡದ ಒಂದು ಪದ್ಯ, ಅರ್ಧ ಮಾತ್ರ. ಆ ಚಿತ್ರವನ್ನು ತೊಳೆದು ಸರಿಪಡಿಸಲು ಬಂದ ಕಲಾವಿದ ಅದೇ ಗೋಡೆಯ ಬುಡದಲ್ಲಿ ಹೆಣವಾಗಿ ಬಿದ್ದಿದ್ದಾನೆ. ಪಕ್ಕದ ನೆಲದ ಮೇಲೆ, ಇನ್ನೂ ಒಣಗದ ಹಸಿರು ಬಣ್ಣದಲ್ಲಿ, ಕೊಂದವನು ಪದ್ಯದ ಉಳಿದರ್ಧ ಬರೆದು ಹೋಗಿದ್ದಾನೆ.

"ನಿಲ್ಸು," ಎಂದರು ಮಾವ. "ಹಸಿರು ಅಂದ್ಯಲ್ಲ, ಯಾವ ಹಸಿರು?"

"ಅಷ್ಟ ಬರದಾರ್ರಿ."

"ಬರೆಯೋನಿಗೆ ಬಣ್ಣ ಗೊತ್ತಿಲ್ಲ. ಹೋಗ್ಲಿ, ಹೆಣ ಚೆನ್ನಾಗೈತೆ. ಓದು."

ನಾನು ಓದುವುದೆಂದರೆ ಬರೀ ಓದುವುದಲ್ಲ. ಬಂಗಲೆಯ ಯಜಮಾನಿಗೆ ಅವ್ವನ ದನಿ ಕೊಟ್ಟೆ. ತನಿಖೆಗೆ ಬಂದ ಮಹಿಳಾ ಇನ್ಸ್‌ಪೆಕ್ಟರಿಗೆ ಅತ್ತೆಯ ದನಿ, "ರಾತ್ರಿ ಎಲ್ಲಿದ್ರಿ?" ಎಂದು ಅವಳು ಕೇಳಿದರೆ ಮಾವ ಮಂಚದಲ್ಲೇ ಮೈ ಮುದುಡಿಕೊಳ್ಳುತ್ತಿದ್ದರು. ಬಂಗಲೆಯ ವಾಚ್‌ಮನ್ ಒಬ್ಬ ಬಾಯಿಬಡುಕ, ಹೆದರುಪುಕ್ಕಲ. ಅವನಿಗೆ ಬೇರೆಯವರನ್ನು ಹುಡುಕುವ ಕಷ್ಟ ಯಾಕೆಂದು ನನ್ನದನ್ನೇ ಕೊಟ್ಟೆ.

ಆಗ ಮಾವ ಅತ್ತೆಯನ್ನು ಕೂಗಿದರು. "ಎಲೆ ಅಡಿಕೆ ತಾ. ಪಾರ್ಟು ಹಂಚ್ತಾ ಅವ್ನೆ."

ಆ ಕಡೆಯ ನಾಟಕಗಳಲ್ಲಿ ಅದೊಂದು ಕಟ್ಟಳೆ. ಯಾರಿಗೆ ಯಾವ ಪಾರ್ಟು ಎಂದು ಗೊತ್ತಾದ ದಿನ ಅವನ ಕೈಗೆ ವೀಳ್ಯ ಕೊಡುತ್ತಾರೆ. ವೀಳ್ಯ ಇಸ್ಕೊಂಡವನು ಆ ಪಾರ್ಟನ್ನು ಬಿಡುವ ಹಾಗಿಲ್ಲ, ಬದಲಾಯಿಸುವ ಹಾಗಿಲ್ಲ. ಮಂಗಳದವರೆಗೆ ಅದು ಅವನ ಮೈಮೇಲಿರಬೇಕು. ಅತ್ತೆ ಗೊಣಗುತ್ತಾ ಎಲೆ ತಂದಳು. ಒಂದೊಂದು ದನಿಗೆ ಒಂದೊಂದು ಎಲೆ ನನ್ನ ಅಂಗೈಗೆ ಬಿತ್ತು.

ಎರಡನೆಯ ದಿನ ಕತೆಯೊಳಗೆ ಪಂಡಿತ ಬಂದ. ಸತ್ತ ಕಲಾವಿದನ ಜೀವದ ಗೆಳೆಯ, ಹಳೆಯ ಕಾವ್ಯವನ್ನೆಲ್ಲ ಬಾಯಲ್ಲಿಟ್ಟುಕೊಂಡವನು, ಮಾತಿಗೆ ಮುಂಚೆ ಪದ್ಯ ಹಾಡುವವನು. ಅವನು ಬಾಯಿ ತೆರೆದದ್ದೇ ತಡ, ನನ್ನ ಗಂಟಲು ತಾನಾಗಿ ಹೋಗಿ ಒಂದು ದನಿಯಲ್ಲಿ ಕೂತಿತು. ತಳದಲ್ಲಿ ಗೊರಗೊರ, ಮೇಲೆ ಹೋದರೆ ಎಳೆದ ತಂತಿ. "ಅಲ್ಲ ಕಣಯ್ಯಾ..." ಎಂದು ಶುರುವಾಗುವ ಮಾತು.

ಅದು ಹಾರ್ಮೋನಿಯಂ ಮಾಸ್ತರ ದನಿ. ಅಡುಗೆಮನೆಯಿಂದ ಅತ್ತೆ ಹೊರಗೆ ಬಂದು, ಬಾಯಿಗೆ ಬೆರಳಿಟ್ಟು ಬೇಡ ಬೇಡ ಎಂದು ತಲೆಯಾಡಿಸಿದಳು. ಆ ದನಿ ಆ ಜಗಲಿಯ ಮೇಲೆ ಕೇಳಿ ಹನ್ನೆರಡು ವರ್ಷವಾಗಿತ್ತು.

ಮಾಸ್ತರು ಹೇಮಾವತಿ ಎಂಬ ಊರಿನವರು. ನಾಟಕ ಕಲಿಸುವವರು ಅವರು, ಪರದೆ ಬರೆಯುವವರು ಮಾವ. ಇಬ್ಬರನ್ನೂ ಊರವರು ಒಟ್ಟಿಗೇ ಕರೆಸುತ್ತಿದ್ದರು. ಬೇಸಿಗೆ ರಜಕ್ಕೆ ಬಂದ ನಾನು ಮೊಟ್ಟಮೊದಲು ಅಣಕಿಸಿದ್ದು ಮಾಸ್ತರನ್ನೇ. ಬೈಯಲಿಲ್ಲ. ಕಿವಿ ಹಿಡಿದು, "ಅಲ್ಲ ಕಣಯ್ಯಾ, ನನ್ನ ಗಂಟಲು ಕದ್ದು ರಾಯದುರ್ಗಕ್ಕೆ ಒಯ್ತೀಯಾ?" ಎಂದು ನಕ್ಕಿದ್ದರು. ನನಗೆ ಹದಿಮೂರಾದ ವರ್ಷ, ಅಗಳಿ ಪಕ್ಕದ ಒಂದು ಹಳ್ಳಿಯಲ್ಲಿ ನಾಟಕ ಮುಗಿದ ಬೆಳಿಗ್ಗೆ, ಮಾವನ ಹೊಸ ದರ್ಬಾರು ಪರದೆ ಸುಟ್ಟಿತ್ತು. ಸುತ್ತಿಟ್ಟ ಸುರುಳಿ ಒಳಗೊಳಗೇ ಉರಿದು, ಬಿಚ್ಚಿದರೆ ಸಿಂಹಾಸನ ಇರಬೇಕಾದ ಕಡೆ ಆಳುದ್ದ ತೂತು. ಅದರ ಪಕ್ಕದಲ್ಲಿ ಚಿಮಣಿ ದೀಪ ಇಟ್ಟುಕೊಂಡು ಮಲಗಿದ್ದವರು ಮಾಸ್ತರು. ಊರವರೆಲ್ಲರ ಎದುರಿಗೆ ಮಾವ, "ಸುಟ್ಟೋನು ಇವ್ನೇ" ಎಂದರು. ಮಾಸ್ತರು "ನಾನಲ್ಲ ಕಣಯ್ಯಾ" ಎಂದು ಒಂದೇ ಸಲ ಹೇಳಿ, ಪೆಟ್ಟಿಗೆ ಹೊತ್ತುಕೊಂಡು ಹೋದವರು ತಿರುಗಿ ಬರಲಿಲ್ಲ. ಪರದೆ ಸುಟ್ಟ ಮಾಸ್ತರು ಎಂಬ ಹೆಸರು ಮಾತ್ರ ಊರೂರು ತಿರುಗಿತು. ಅಪಶಕುನ ಎಂದು ಯಾರೂ ಅವರನ್ನು ನಾಟಕ ಕಲಿಸಲು ಕರೆಯಲಿಲ್ಲ.

ನಾನು ಪುಸ್ತಕ ಮುಚ್ಚಿ ಮಾವನ ಮುಖ ನೋಡುತ್ತಾ ಕೂತೆ. ಎದುರಿನ ಗಿರಣಿ ರಾಗಿ ಬೀಸುತ್ತಿತ್ತು. ಅದು ನಿಂತ ಮೇಲೆ ಮಾವ ಮಾತಾಡಿದರು.

"ಅವ್ಳನ್ನ ಕರಿ. ಎಲೆ ತರ್ಲಿ."

ಆ ದಿನದಿಂದ ಮಾವನಿಗೆ ಪಂಡಿತನದ್ದೇ ಚಿಂತೆ. ಇನ್ಸ್‌ಪೆಕ್ಟರು, ಯಜಮಾನಿ ಮಾತಾಡುವಾಗ ಕಣ್ಣು ಮುಚ್ಚಿಕೊಂಡಿರುತ್ತಿದ್ದರು, ಪಂಡಿತ ಬಂದರೆ ತೆರೆಯುತ್ತಿದ್ದರು. ತೆರೆದರೂ ಕಾಣದ ಕಣ್ಣು. "ಅವ್ನು ಬರ್ಲಿಲ್ವಾ ಇನ್ನೂ?" ಎನ್ನುತ್ತಿದ್ದರು. ಎರಡು ಅಧ್ಯಾಯ ಪಂಡಿತ ಪತ್ತೆಯಿಲ್ಲದಿದ್ದಾಗ ನಾನೇ ಇಲ್ಲದ ಮಾತು ಸೇರಿಸಿ ಅವನನ್ನು ಕರೆಸಿದ್ದುಂಟು. ಒಂದು ಮಧ್ಯಾಹ್ನ ವಾಚ್‌ಮನ್ ಪೊಲೀಸ್ ಸ್ಟೇಷನ್ನಿನಲ್ಲಿ ಗಡಗಡ ನಡುಗುತ್ತಾ ಹೇಳಿಕೆಗೆ ಹೆಬ್ಬೆಟ್ಟು ಒತ್ತುವ ಪ್ರಸಂಗ ಓದಿದೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ ದನಿ ಸರ್ಯಾಗ್ ಕೂತದೆ. ಹೆಬ್ಬೆಟ್ಟಿನ ದನಿ."

ಗಾಯದ ಬಟ್ಟೆ ಬದಲಾಯಿಸುವ ಹೊತ್ತಿಗೆ ಮಾತ್ರ ನಗು ನಿಲ್ಲುತ್ತಿತ್ತು. ನೋವಿರಲಿಲ್ಲ, ವಾಸನೆ ಇತ್ತು. ಐದನೆಯ ದಿನ ಅತ್ತೆ ಬಟ್ಟೆ ಸುತ್ತಿ ಎದ್ದುಹೋದ ಮೇಲೆ ಮಾವ ಮೆಲ್ಲಗೆ ಹೇಳಿದರು.

"ಈ ಕಾಲು ಕೊಟ್ಮೇಲೆ ನಾನು ಮನೆಗೆ ಬರ್ತೀನಿ ಅಂತ ನಂಗೆ ಅನ್ಸಲ್ಲ ಕಣ್ಲಾ. ಹೋಗೋಕ್ ಮುಂಚೆ ಅವನತ್ರ ಒಂದು ಮಾತೈತೆ. ಅವನಿಗೇ ಹೇಳೋ ಮಾತು. ಪುಸ್ತಕ ಮುಗೀಲಿ. ಮುಗಿದ್ ದಿನ ನೀನೇ ಹೋಗಿ ಕರ್ಕಂಬಾ."

ನನಗೆ ಹಿಗ್ಗೋ ಹಿಗ್ಗು. ಹನ್ನೆರಡು ವರ್ಷದ ಸಿಟ್ಟನ್ನು ನನ್ನ ಗಂಟಲು ಐದು ದಿನದಲ್ಲಿ ಕರಗಿಸಿತು, ಮಾವ ಅವರನ್ನು ಕ್ಷಮಿಸುತ್ತಾರೆ ಎಂದುಕೊಂಡೆ. ಅತ್ತೆಗೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗೇ ಆಗ್ಲಿ, ಬೇಗ ಓದಿ ಮುಗ್ಸಪ್ಪ," ಎಂದಳು.

ಬೇಗ ಮುಗಿಸಬೇಕೆಂದೇ ಏಳನೆಯ ದಿನ ನನ್ನ ಭಾಷಣವನ್ನು ನಾನೇ ನುಂಗಿ, ಹಿತ್ತಲ ಕಲ್ಲಿನ ಮೇಲೆ ಕೂತು ಕೊನೆಯ ಅಧ್ಯಾಯ ನೋಡಿದೆ.

ಕೊಂದವನು ಪಂಡಿತ. ಚಿತ್ರದ ಕೆಳಗಿನ ಪದ್ಯ ಹಳೆಯದೇ ಅಲ್ಲ. ಪ್ರಾಯದಲ್ಲಿ ಅವನೇ ಕಟ್ಟಿ, ಗೋಡೆಯ ಮೇಲೆ ಬರೆಸಿ, ಮೂವತ್ತು ವರ್ಷ ಅದರ ಮೇಲೆ ಪಾಂಡಿತ್ಯದ ಹೆಸರು ಗಳಿಸಿದ್ದ. ಗೋಡೆ ತೊಳೆದ ಗೆಳೆಯನಿಗೆ ಬಣ್ಣ ಹೊಸದೆಂದು ಗೊತ್ತಾಯಿತು. ಕೊಂದ ಮೇಲೆ, ತನ್ನ ಪದ್ಯವನ್ನು ಅರ್ಧಕ್ಕೆ ಬಿಟ್ಟು ಹೋಗಲು ಮನಸ್ಸಾಗದೆ, ಉಳಿದರ್ಧವನ್ನು ನೆಲದ ಮೇಲೆ ಬರೆದು ಹೋದ.

ಪುಸ್ತಕ ಮುಚ್ಚಿದೆ. ಮಾಸ್ತರ ದನಿಯಲ್ಲಿ "ಹೌದು ಕಣಯ್ಯಾ, ನಾನೇ" ಎಂದು ನಾನು ಒಪ್ಪಿಕೊಳ್ಳಬೇಕಿತ್ತು, ಆ ದನಿಯ ಮೇಲೆ ಹನ್ನೆರಡು ವರ್ಷದಿಂದ ಒಂದು ಅಪವಾದ ಕೂತಿರುವ ಮನೆಯಲ್ಲಿ. ಮಾವ ನಾಟಕದ ಜನ, ಶಕುನ ನಂಬುವವರು. ಕರೆಸುವುದೇ ಬೇಡ ಎಂದುಬಿಟ್ಟರೆ?

ಮಧ್ಯಾಹ್ನ ಒಂದು ಕಲ್ಲು ಎಸೆದು ನೋಡಿದೆ. "ಮಾವ, ಗಂಟಲು ಕಟ್ಟೈತ್ರಿ. ಪಂಡಿತಂಗ ಬ್ಯಾರೆ ದನಿ ಕೊಡ್ಲೇನ್ರಿ?"

"ವೀಳ್ಯ ಇಸ್ಕಂಡಿದೀಯ," ಎಂದರು ಮಾವ. ಅಷ್ಟೇ.

ಒಂಬತ್ತನೆಯ ದಿನ, ಅತ್ತೆಗೆ ಮೊದಲೇ ಹೇಳಿಕೊಟ್ಟು, ನಾನು ಕೊನೆಯ ಅಧ್ಯಾಯ ಓದಲು ಕೂತೆ. ಪುಟಗಳನ್ನು ತಿರುಗಿಸುತ್ತಿದ್ದೆ, ಅದರಲ್ಲಿದ್ದದ್ದನ್ನು ಓದುತ್ತಿರಲಿಲ್ಲ. ನನ್ನ ಕತೆಯಲ್ಲಿ ಕೊಲೆ ಮಾಡಿದವನು ವಾಚ್‌ಮನ್. ಬೆಳ್ಳಿಯ ದೀಪ ಕದಿಯಲು ಒಳಬಂದ, ಕಲಾವಿದ ನೋಡಿದ, ಹೊಡೆದ. ನನ್ನ ದನಿಯಲ್ಲಿ ಅಳುತ್ತಾ ತಪ್ಪೊಪ್ಪಿಕೊಂಡೆ, ಇನ್ಸ್‌ಪೆಕ್ಟರ ಕಾಲಿಗೆ ಬಿದ್ದೆ. ಪಂಡಿತ ಗೆಳೆಯನ ಹೆಣದ ಮುಂದೆ ಕೂತು ಒಂದು ಪದ್ಯ ಹಾಡಿದ. ಬಹಳ ಚೆನ್ನಾಗಿ ಹಾಡಿದ. ಅತ್ತೆ ಬಾಗಿಲಲ್ಲಿ ನಿಂತು, "ನಂಗೂ ಆ ವಾಚ್‌ಮನ್ ಮೇಲೇ ಅನುಮಾನ ಇತ್ತು ನೋಡಿ," ಎಂದಳು.

ಮಾವ ನನ್ನ ಕಡೆ ತಲೆ ಹೊರಳಿಸಿದರು.

"ಮುಗೀತೇನ್ಲಾ?"

"ಮುಗೀತ್ರಿ."

"ಓದಕ್ಕೆ ಬರ್ದೋನು, ಸ್ಟೇಷನ್ನಾಗೆ ಹೆಬ್ಬೆಟ್ಟು ಒತ್ತಿದೋನು, ನೆಲದ ಮೇಲೆ ಹಳಗನ್ನಡದಾಗೆ ಪದ್ಯ ಬರದ್ನಾ?"

ಸುಳ್ಳು ಹೇಳುವವನಿಗೆ ಹಿಂದಿನ ಅಧ್ಯಾಯಗಳು ನೆನಪಿರಬೇಕು. ಕೇಳುತ್ತಿದ್ದವರಿಗೆ ಒಂದಕ್ಷರ ಬಿಡದೆ ನೆನಪಿತ್ತು. ನಾನು ಬಾಯಿಬಿಟ್ಟು ನಿಜ ಹೇಳಿದೆ.

ಮಾವ ಬೈಯಲಿಲ್ಲ. "ಮಾಡದೋನ ಮೇಲೆ ಹೊರ್ಸೋದು ಬಲು ಸುಲ್ಭ ಕಣಪ್ಪ," ಎಂದರು. ಆಮೇಲೆ ಅತ್ತೆ ನಿಂತ ಕಡೆ ಮುಖ ತಿರುಗಿಸಿ, "ನೀನೂ ಇವನ ಕಂಪ್ನಿ ಸೇರ್ಕಂಡ್ಯಾ? ಇನ್ಮೇಲೆ ನೀವಿಬ್ರೂ ಏನೇಳಿದ್ರೂ ನಾನು ಎಣಿಸ್ಕಂಡ್ ನಂಬ್ಬೇಕು." ಮತ್ತೆ ನನಗೆ: "ನಾಳೆ ಮೊದಲ್ನೇ ಬಸ್ಸಿಗೆ ಹೇಮಾವತಿಗೆ ಹೋಗು. ಕಾಲಿಗೆ ಬಿದ್ದಾದ್ರೂ ಕರ್ಕಂಬಾ."

ಅಮರಾಪುರದ ಬಸ್ಸಿಳಿದು ಆಟೋ ಹಿಡಿದು ಹೋದೆ. ಮಾಸ್ತರ ಮನೆ ಸಿದ್ಧೇಶ್ವರನ ಗುಡಿಯ ಹಿಂದಿನ ಸಾಲಿನಲ್ಲಿ. ದಾರಿಯುದ್ದಕ್ಕೂ ಅವರ ದನಿಯಲ್ಲೇ ಮೊದಲ ಮಾತು ಆಡಿ ಅವರನ್ನು ಬೆಚ್ಚಿಬೀಳಿಸಬೇಕೆಂದು ಗುನುಗಿಕೊಂಡು ಹೋಗಿದ್ದೆ. ಬಾಗಿಲು ತೆಗೆದದ್ದು ಮಗಳು. ಪಡಸಾಲೆಯಲ್ಲಿ ಒಬ್ಬ ಒಣಕಲು ಮುದುಕ ಕೂತಿದ್ದ. ಕತ್ತಿನ ಸುತ್ತ ಬಿಳಿಬಟ್ಟೆ. ಉಸಿರೆಳೆದಾಗಲೆಲ್ಲ ಆ ಬಟ್ಟೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು, ಸೈಕಲ್ ಪಂಪಿನ ಸದ್ದು ಬರುತ್ತಿತ್ತು.

"ಗಂಟಲಿಂದು ಪೂರಾ ತೆಗೆದವ್ರೆ," ಎಂದಳು ಮಗಳು. "ಎರಡು ವರ್ಷ ಆತು. ಮಾತಿಲ್ಲ."

ಬಾಯಿಯ ತುದಿಗೆ ಬಂದಿದ್ದ ಅವರ ದನಿಯನ್ನು ನುಂಗಿದೆ. ಇಡೀ ಲೋಕದಲ್ಲಿ ಆ ದನಿ ಉಳಿದಿದ್ದದ್ದು ನನ್ನ ಹತ್ತಿರ ಮಾತ್ರ ಎಂಬುದು ಆಗ ಗೊತ್ತಾಯಿತು. ಯಾರ ಮಗ, ಯಾಕೆ ಬಂದೆ ಎಂದೆಲ್ಲ ತೊದಲುತ್ತಾ ಹೇಳಿದೆ. ಮಾಸ್ತರು ಅಂಗಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದರು: "ಕಾಲು ಯಾವಾಗ?"

"ಸೋಮವಾರ್ರಿ."

ಎದ್ದು ಟವಲ್ಲು ಹೆಗಲಿಗೆ ಹಾಕಿಕೊಂಡರು.

ಮಡಕಶಿರಾಕ್ಕೆ ಬಂದಾಗ ಮಧ್ಯಾಹ್ನ. ಅತ್ತೆ ಅವರನ್ನು ನೋಡಿದ ಕೂಡಲೇ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಮಾಸ್ತರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಬಂದ್ಯೇನೋ?" ಎಂದರು ಮಾವ. ಹೊಸದಾಗಿ ಗಡ್ಡ ತೆಗೆಸಿಕೊಂಡಿದ್ದರು, ತೊಳೆದ ಅಂಗಿ ಹಾಕಿಕೊಂಡಿದ್ದರು.

"ಬಂದಾರ್ರಿ ಮಾವ. ಇಲ್ಲೇ ಕುಂತಾರ."

"ನಿನ್ನ ಕೇಳ್ಲಿಲ್ಲ. ಅವ್ನೇ ಹೇಳ್ಲಿ."

ಪಂಪಿನ ಸದ್ದು ಜೋರಾಯಿತು. ನನ್ನ ಗಂಟಲು ಆಗಲೇ ಸಿದ್ಧವಾಗಿತ್ತು. ಒಂದು "ಅಲ್ಲ ಕಣಯ್ಯಾ" ಸಾಕಿತ್ತು. ಬಾಯಿ ತೆರೆದೆ. ಮಾಸ್ತರ ಅಂಗೈ ಬಂದು ನನ್ನ ಬಾಯಿ ಮುಚ್ಚಿತು. ಅವರು ತಲೆಯಾಡಿಸಿದರು. ತಮ್ಮ ದನಿಯಲ್ಲಿ ಬೇರೆಯವನ ಮಾತು ಅವರಿಗೆ ಬೇಡವಾಗಿತ್ತು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಂಟಲು ತೆಗೆದಿದ್ದಾರೆ, ಮಾತಾಡಲಾರರು.

ಮಾವ ನಕ್ಕರು. ಅಂಥ ನಗು ಅವರಲ್ಲಿ ನಾನು ಕೇಳಿರಲಿಲ್ಲ.

"ಹಾರ್ಮೋನಿಯಂ ಮಾಸ್ತರಿಗೆ ಗಂಟಲಿಲ್ಲ, ಪರದೆ ಬರೆಯೋನಿಗೆ ಕಣ್ಣಿಲ್ಲ. ಕಟ್ಟಿದ್ರೆ ಹಿಂಗ್ ಕಟ್ಬೇಕು ನೋಡು ಕತೆ! ವಾಚ್‌ಮನ್‌ಗಿಂತ ಇದು ಎಷ್ಟೋ ವಾಸಿ. ಅವ್ನು ಬರಲ್ಲ ಅಂದ, ಅಲ್ವಾ? ಅದನ್ನ ಹೇಳಕ್ಕಾಗ್ದೆ ಬಸ್‌ಸ್ಟ್ಯಾಂಡಾಗೆ ಯಾರೋ ಸಿಕ್ಕೋನ್ನ ಹಿಡ್ಕಂಬಂದಿದೀಯ."

"ಅವ್ರೇ ಕಣ್ರೀ! ನಾನು ಕಣ್ಣಾರೆ ನೋಡ್ತಿಲ್ವಾ?" ಎಂದಳು ಅತ್ತೆ.

"ನಿಂಗೂ ವಾಚ್‌ಮನ್ ಮೇಲೇ ಅನುಮಾನ ಇತ್ತಲ್ಲ."

ಮಾಸ್ತರು ಮಾವನ ಬಲಗೈ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಂಗೈ ಮೇಲೆ ಬೆರಳು ಆಡಿಸತೊಡಗಿದರು. ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು: ಆ ಅಂಗೈಯನ್ನೇ ಹಾರ್ಮೋನಿಯಂ ಮಾಡಿಕೊಂಡು ಮನೆ ಒತ್ತುತ್ತಿದ್ದರು. ಪರದೆ ಏಳುವ ಮುಂಚೆ ಬಾರಿಸುತ್ತಿದ್ದ ಗತ್ತು, ಪ್ರತಿ ರಾತ್ರಿ ಇಬ್ಬರಿಗೂ ಕೆಲಸ ಶುರುವಾಗುತ್ತಿದ್ದ ಗತ್ತು. ಎರಡು ಸಲ ಬಾರಿಸಿದರು. ಮೂರನೆಯ ಸಲ ಒತ್ತಿ ಬಾರಿಸಿದರು.

"ಕೈ ಹಿಡ್ಕಂಡವ್ನಾ?" ಎಂದು ಮಾವ ನನ್ನನ್ನು ಕೇಳಿದರು. "ನಂಗೆ ಹತ್ತಿ ಸುತ್ತಿದಂಗೆ ಅಷ್ಟೇ ಕಣಪ್ಪ, ಏನೂ ತಿಳ್ಯಲ್ಲ. ಬಿಡೋಕ್ಕೇಳು."

ಮಾಸ್ತರು ಬೆರಳು ನಿಲ್ಲಿಸಿದರು. ಕೈ ಬಿಡಲಿಲ್ಲ.

ಮಾವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಎದುರಿಗೆ ಕೂತವರ ಕಡೆ ಅಂದಾಜಿನ ಮೇಲೆ ತಿರುಗಿ ಹೇಳಿದರು:

"ನೋಡಪ್ಪ, ಯಾರೋ ನೀನು. ಉಬ್ಬಸದೋನು ಬಿಸಿಲಾಗೆ ಬಂದಿದೀಯ, ಕಾಫಿ ಕುಡ್ಕಂಡ್ ಹೋಗು. ಹೇಮಾವತಿ ಕಡೆ ಹೋದ್ರೆ ಅಲ್ಲೊಬ್ಬ ಮಾಸ್ತರು ಅವ್ನೆ. ಈ ನನ್ ಅಳಿಯನಿಗೆ ಹೇಳಿಕಳ್ಸಿದ್ರೆ ಇವ್ನು ಬದಲಾಯಿಸ್ತಾನೆ. ನೀನಾದ್ರೆ ಹೇಳಿದ್ದನ್ನ ಹೇಳ್ತೀಯ. ಆ ಬೀಡಿ ನಂದು ಅಂತ ಹೇಳು. ಇವ್ಳಿಗೆ ಬೀಡಿ ಬಿಟ್ಟಿದೀನಿ ಅಂತ ಆಣೆ ಮಾಡಿದ್ದೆ. ಪರದೆ ಹಿಂದೆ ನಿಂತು ಸೇದಿ, ಯಾರೋ ಬಂದಂಗಾತು ಅಂತ ಸುರುಳಿ ಸಂದಿಗೆ ಸಿಕ್ಕಿಸ್ದೆ. ಮರ್ತೆ. ಅವ್ನು ಪಾಪ ಮಲಗಿದ್ದ. ಬೆಳಿಗ್ಗೆ ಎಲ್ರೂ ನನ್ನೇ ನೋಡ್ತಾ ಇದ್ರು. ಬಾಯಿಗೆ ಅವನ ಹೆಸ್ರು ಬಂತು. ಹೇಳಿಬಿಟ್ಟೆ. ಅಷ್ಟೇ ಮಾತು."

ಅತ್ತೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಕೊಡಲೂ ಇಲ್ಲ, ಕೆಳಗಿಡಲೂ ಇಲ್ಲ. ಮಾಸ್ತರು ಮಾವನ ಕೈಯನ್ನು ಅವರ ಎದೆಯ ಮೇಲೆ ಇಟ್ಟು ಎದ್ದರು.

ಬಸ್‌ಸ್ಟ್ಯಾಂಡಿನವರೆಗೆ ನಾವಿಬ್ಬರೂ ಮಾತಿಲ್ಲದೆ ನಡೆದೆವು. ಅವರಿಗೆ ಮಾತು ಬರುತ್ತಿರಲಿಲ್ಲ, ನನಗೆ ಬರಲಿಲ್ಲ. ಅಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಕೂತು ಪುಸ್ತಕ ತೆಗೆದು ಬರೆದು ತೋರಿಸಿದರು.

"ನಂಗೆ ಅವತ್ತೇ ಗೊತ್ತಿತ್ತು. ಬೀಡಿ ವಾಸನೆ ಬಂದಿತ್ತು."

"ಮತ್ತ ಯಾಕ್ರಿ ಹೇಳ್ಲಿಲ್ಲ?"

"ಅವನೇ ಹೇಳಲಿ ಅಂತ." ಸ್ವಲ್ಪ ಹೊತ್ತಿನ ಮೇಲೆ ಅದರ ಕೆಳಗೆ ಇನ್ನೆರಡು ಪದ: "ಈಗ ಮಾಡು."

ಏನನ್ನು ಎಂದು ನಾನು ಕೇಳಲಿಲ್ಲ. ಸುತ್ತ ಕಂಡಕ್ಟರುಗಳು ತೆಲುಗಿನಲ್ಲಿ "ಎಕ್ಕಂಡಿ, ಎಕ್ಕಂಡಿ" ಎಂದು ಕೂಗಿ ಜನರನ್ನು ಬಸ್ಸು ಹತ್ತಿಸುತ್ತಿದ್ದರು. ನಾನು ಮಾಸ್ತರ ದನಿಯಲ್ಲಿ ಮಾಸ್ತರಿಗೆ ಹೇಳಿದೆ: "ಅಲ್ಲ ಕಣಯ್ಯಾ, ನಂಗೆ ಅವತ್ತೇ ಗೊತ್ತಿತ್ತು. ಬೀಡಿ ವಾಸನೆ ಬಂದಿತ್ತು." ಅವರು ತಲೆ ಬಗ್ಗಿಸಿ ಕೇಳಿದರು. ಬರೆದರು: "ಇನ್ನೂ ತಗ್ಗಿಸು." ತಗ್ಗಿಸಿದೆ. "ಕಣಯ್ಯಾ ಅನ್ನೋದು ಎಳೀಬೇಡ." ಎಳೆಯದೆ ಹೇಳಿದೆ. ಮೂರನೆಯ ಸಲ ಅವರು ಏನೂ ಬರೆಯಲಿಲ್ಲ. ಬಸ್ಸು ಬಂತು. ಹತ್ತುವ ಮುಂಚೆ ಮನೆಯ ದಿಕ್ಕಿಗೆ ಬೆರಳು ತೋರಿಸಿ, ಹೋಗು ಎಂದು ಸನ್ನೆ ಮಾಡಿದರು.

ನಾನು ಓಡಿಕೊಂಡೇ ಬಂದೆ. ಮಂಚದ ಪಕ್ಕ ಅದೇ ಸ್ಟೂಲಿನ ಮೇಲೆ ಕೂತು, ಮಾಸ್ತರು ತಿದ್ದಿಕೊಟ್ಟ ಹಾಗೇ, ತಗ್ಗಿಸಿ, ಎಳೆಯದೆ, ಹೇಳಿದೆ. ನನ್ನ ಜೀವಮಾನದಲ್ಲಿ ಯಾವ ದನಿಯನ್ನೂ ಅಷ್ಟು ನಿಜವಾಗಿ ಮಾಡಿಲ್ಲ.

ಮಾವ ಕಣ್ಣು ತೆರೆದರು. ಆಮೇಲೆ ಕೈ ಚಾಚಿ ನನ್ನ ತಲೆ ಹುಡುಕಿ ಸವರಿದರು.

"ಚೆನ್ನಾಗೈತೆ ಅಳಿಯ. ಕೊನೆ ಚೆನ್ನಾಗ್ ಕಟ್ಟಿದೀಯ."

"ಕಟ್ಟಿಲ್ರಿ ಮಾವ. ಅವರೇ ಬರದು ಕೊಟ್ಟಾರ್ರಿ. ನನ್ನಾಣಿ."

"ಆಯ್ತು ಆಯ್ತು," ಎಂದು ಗೋಡೆಯ ಕಡೆ ತಿರುಗಿದರು.

ಸೋಮವಾರ ಕಾಲು ಹೋಯಿತು. ಗುರುವಾರ ಆಸ್ಪತ್ರೆಯಿಂದ ಮಾವನನ್ನು ತಂದೆವು, ಮಣ್ಣಿಗೆ.

ಜಗಲಿಯ ಮುಂದೆ ಜನ ಸೇರಿದ್ದರು. ಹಿಂದಿನ ಸಾಲಿನಲ್ಲಿ ಕತ್ತಿಗೆ ಬಿಳಿಬಟ್ಟೆ ಸುತ್ತಿಕೊಂಡ ಮಾಸ್ತರು ಬಂದು ನಿಂತರು. ಯಾರೋ ಯಾರಿಗೋ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು: "ಅಗೋ, ಪರದೆ ಸುಟ್ಟ ಮಾಸ್ತರು." ಅತ್ತೆ ಅಳುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಸುಟ್ಟಿದ್ದು ಅವ್ರಲ್ಲ," ಎಂದಳು. ಹೆಣದ ಕಡೆ ಕೈ ಮಾಡಿದಳು. "ಇವ್ರು."

ದುಃಖದಲ್ಲಿ ಏನೋ ಆಡುತ್ತಾಳೆ ಎಂದುಕೊಂಡರು ಜನ. ಒಬ್ಬಾಕೆ ಅವಳನ್ನು ತಬ್ಬಿಕೊಂಡು ಸುಮ್ಮನಾಗಿಸಲು ನೋಡಿದಳು. ನಾನು ಮುಂದೆ ಬಂದು, "ಹೌದ್ರಿ, ಮಾವ ತಮ್ಮ ಬಾಯಿಂದನ ಹೇಳ್ಯಾರ, ನಾನು ಕೇಳೀನ್ರಿ," ಎಂದೆ.

"ಇದ್ಯಾರ ದನಿ ಕಣ್ಲಾ?" ಎಂದ ಹಿಂದಿನಿಂದ ಒಬ್ಬ. ಇನ್ನಿಬ್ಬರು ನಗು ತಡೆದುಕೊಂಡರು.

ಮಾಸ್ತರು ಜೇಬಿನಿಂದ ಪುಸ್ತಕ ತೆಗೆದರು. ಪೆನ್ನಿನ ಮುಚ್ಚಳ ಬಿಚ್ಚಿದರು. ಏನನ್ನೂ ಬರೆಯದೆ ಮತ್ತೆ ಜೇಬಿಗಿಟ್ಟುಕೊಂಡು, ಚಟ್ಟಕ್ಕೆ ಹೆಗಲು ಕೊಡಲು ಮುಂದೆ ಬಂದರು.